ಟ್ಯಾಂಕರ್ ಮಗುಚಿದರೆ ಎಣ್ಣೆ ಎತ್ತ ಹರಿಯುತ್ತದೆ?

ಪ್ರಶ್ನೆ: ಹೆದ್ದಾರಿಯಲ್ಲಿ ಡೀಸೆಲ್ ಟ್ಯಾಂಕರ್ ಉರುಳಿದರೆ ಎಣ್ಣೆ ಯಾವ ಹಳ್ಳ ಹಿಡಿದು ತುಂಗಭದ್ರೆಗೆ ಇಳಿಯುತ್ತದೆ ಎಂಬ ನಕ್ಷೆ ಮಾಡಲು ಹೊರಟಿದ್ದೇವೆ. ಇದಕ್ಕೆ, ಚೆಲ್ಲಿದ ಎಣ್ಣೆ ನೀರಿನಲ್ಲಿ ಎತ್ತ ಹೋಗುತ್ತದೆಂದು ಲೆಕ್ಕ ಹಾಕುವ ಗ್ನೋಮ್ ತಂತ್ರಾಂಶ ಸಾಕೇ? (ಹರಿಹರದ ಓದುಗರು)

ಉತ್ತರ: ಗ್ನೋಮ್ ಸದ್ಯಕ್ಕೆ ಬಿಡಿ. ಅಮೆರಿಕದ ಕಡಲು-ಹವಾಮಾನ ಸಂಸ್ಥೆ ನೋವಾ ಅದನ್ನು ಮಾಡಿದ್ದು ಮುಖ್ಯವಾಗಿ ಕಡಲಿಗೆ. ನದಿಗೂ ಒಗ್ಗಿಸಬಹುದು, ಆದರೆ ನೀರಿನ ವೇಗದ ಮಾಹಿತಿ ನೀವೇ ತುಂಬಬೇಕು. ಅದು ಕೈಲಿದ್ದರೆ ಉಳಿದದ್ದು ಕಾಗದದ ಮೇಲಿನ ಗುಣಾಕಾರ ಅಷ್ಟೇ.

ನಿಮ್ಮ ಕೆಲಸಕ್ಕೆ ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ಸಾಕು, ಪುಕ್ಕಟೆ. ಇಸ್ರೋದ ಭುವನ್ ತಾಣದಿಂದ 30 ಮೀಟರ್ ಚೌಕಗಳ ಕಾರ್ಟೋಡೆಮ್, ಅಂದರೆ ನೆಲದ ಎತ್ತರದ ನಕ್ಷೆ, ಇಳಿಸಿಕೊಳ್ಳಿ. ಮೊದಲು ಅದನ್ನು ಯುಟಿಎಂ 43 ಉತ್ತರ ವಲಯಕ್ಕೆ (ಮೀಟರಿನಲ್ಲಿ ಅಳೆಯುವ ನಕ್ಷೆ ಪದ್ಧತಿ, ಸಂಕೇತ 32643) ಬದಲಿಸಿ. ಡಿಗ್ರಿಯಲ್ಲೇ ಬಿಟ್ಟು, ಗೆರೆಯ ಸುತ್ತ ಇಷ್ಟು ದೂರ ಎಂದು ಪಟ್ಟಿ ಎಳೆಯುವ ಬಫರ್‌ಗೆ 500 ಎಂದು ಕೊಟ್ಟರೆ ಅದು 500 ಡಿಗ್ರಿ ಎಂದೇ ಓದಿಕೊಳ್ಳುತ್ತದೆ. ಆಮೇಲೆ ಕ್ಯೂಜಿಐಎಸ್ ಒಳಗೇ ಸಿಗುವ, ನೀರು ಹರಿಯುವ ಗೆರೆ ಎಳೆಯುವ ಸಲಕರಣೆ, ಗ್ರಾಸ್‌ನ ಆರ್.ವಾಟರ್‌ಶೆಡ್ ಓಡಿಸಿ, ಮಿತಿ (ಗೆರೆ ಮೂಡಲು ಕನಿಷ್ಠ ಎಷ್ಟು ಚೌಕಗಳ ನೀರು ಕೂಡಬೇಕು ಎಂಬುದು) 500 ಚೌಕ ಇಡಿ. ಸುಮಾರು 45 ಹೆಕ್ಟೇರ್ ನೆಲದ ನೀರು ಕೂಡುವ ಹಳ್ಳದಿಂದ ಗೆರೆ ಮೂಡುತ್ತದೆ. ಮಿತಿ ಹೆಚ್ಚಿಸಿದರೆ ನಕ್ಷೆ ಚೊಕ್ಕ ಕಾಣುತ್ತದೆ, ಆದರೆ ಡೀಸೆಲ್ ಮೊದಲು ಹಿಡಿಯುವ ಸಣ್ಣ ಕೊರಕಲುಗಳೇ ಮಾಯ.

ಎಲ್ಲರೂ ಎಡವುವುದು ಮೋರಿಗಳಲ್ಲಿ. 30 ಮೀಟರಿನ ಚೌಕಕ್ಕೆ ಮೋರಿ ಕಾಣುವುದಿಲ್ಲ. ರಸ್ತೆಯ ಏರಿ ಎತ್ತರವಾಗಿ ಕಂಡ ಕಡೆ ಗೆರೆ ರಸ್ತೆಗುಂಟ ಓಡುತ್ತದೆ. ಕಾಣದ ಕಡೆ ಮೋರಿಯಿಲ್ಲದಲ್ಲೂ ರಸ್ತೆ ದಾಟಿಬಿಡುತ್ತದೆ. ಆದ್ದರಿಂದ ಮೊಬೈಲ್ ಹಿಡಿದು ನಡೆದು ಪ್ರತಿ ಮೋರಿಯ ಜಾಗ ಗುರುತಿಸಿ, ಏರಿ ಅಡ್ಡ ಬಂದ ಚೌಕಗಳ ಎತ್ತರ ತಗ್ಗಿಸಿ, ಮತ್ತೆ ಓಡಿಸಿ.

ಇನ್ನು ವೇಗ. ಹಳ್ಳದಲ್ಲಿ 100 ಮೀಟರ್ ಅಳೆದು ಒಂದು ಕಿತ್ತಳೆ ಹಣ್ಣು ತೇಲಿಬಿಡಿ. 200 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 0.5 ಮೀಟರ್, ಗಂಟೆಗೆ 1.8 ಕಿ.ಮೀ. ಮೇಲಿಂದ ತಳದವರೆಗಿನ ಸರಾಸರಿ ವೇಗಕ್ಕಾಗಿ ನೀರಾವರಿಯವರು ಇದನ್ನು 0.85ರಿಂದ ಗುಣಿಸುತ್ತಾರೆ, ನೀವು ಗುಣಿಸಬೇಡಿ, ಎಣ್ಣೆ ಮೇಲ್ಮೈಯಲ್ಲೇ ಹೋಗುತ್ತದೆ. ಬದಲಿಗೆ ಗಾಳಿಯ ವೇಗದ ಶೇ. 3 ಸೇರಿಸಿ. ಹರಿವಿನ ದಿಕ್ಕಿಗೇ ಗಂಟೆಗೆ 20 ಕಿ.ಮೀ. ಗಾಳಿ ಬೀಸಿದರೆ ಒಟ್ಟು 2.4, ಮೂರು ಗಂಟೆಯಲ್ಲಿ 7.2 ಕಿ.ಮೀ. ನಿಮ್ಮ ಗಾಡಿ ಅಲ್ಲಿಗೆ ತಲುಪಿ ಬೂಮ್ (ಎಣ್ಣೆ ತಡೆಯುವ ತೇಲುವ ಬೇಲಿ) ಕಟ್ಟಲು ಹಿಡಿಯುವ ಸಮಯಕ್ಕಿಂತ ಮುಂದಿರುವ ಜಾಗವನ್ನೇ ಆರಿಸಿ. ಮಳೆಗಾಲದಲ್ಲಿ ಇನ್ನೊಮ್ಮೆ ಅಳೆಯಿರಿ.

ಬೂಮನ್ನು ನೇರ ಅಡ್ಡ ಕಟ್ಟಬೇಡಿ. ಬೂಮಿಗೆ ಎದುರಾಗಿ ಬರುವ ನೀರು ಸೆಕೆಂಡಿಗೆ ಸುಮಾರು 0.35 ಮೀಟರ್ ಮೀರಿದರೆ ಎಣ್ಣೆ ಅಡಿಯಿಂದ ನುಸುಳುತ್ತದೆ. ಮೇಲಿನ 0.5ಕ್ಕೆ ದಡದಿಂದ 45 ಡಿಗ್ರಿ ಓರೆ ಬೇಕು. 20 ಮೀಟರ್ ಅಗಲದ ಹಳ್ಳಕ್ಕೆ ಸುಮಾರು 29 ಮೀಟರ್ ಬೂಮ್, ದಡಕ್ಕೆ ಕಟ್ಟಲು ಬೇರೆ. ಎಣ್ಣೆ ಕೂಡುವುದು ಕೆಳಗಿನ ತುದಿಯಲ್ಲಿ. ಆ ತುದಿ ಪಂಪು ಇಳಿಸಲು ದಾರಿಯಿರುವ ದಡಕ್ಕೇ ಬರಲಿ.

ಪ್ರಶ್ನೆ: ನಮ್ಮೂರ ಕೆರೆಯಲ್ಲಿ 40 ಮೀಟರ್ ಉದ್ದ, 50 ಮೀಟರ್ ಅಗಲಕ್ಕೆ ಕಾಮನಬಿಲ್ಲಿನ ಬಣ್ಣದ ಎಣ್ಣೆ ಹಬ್ಬಿದೆ. ಎಷ್ಟು ಲೀಟರ್ ಇರಬಹುದು? (ಚಿತ್ರದುರ್ಗದ ಓದುಗರು)

ಉತ್ತರ: ಆ ಬಣ್ಣದ ಪದರ 0.3ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ. 2,000 ಚದರ ಮೀಟರಿಗೆ ಲೆಕ್ಕ ಹಾಕಿದರೆ 0.6ರಿಂದ 10 ಲೀಟರ್. ನೋಡಿದವರು ಡ್ರಮ್ಮುಗಟ್ಟಲೆ ಎನ್ನುತ್ತಾರೆ, ನಂಬಬೇಡಿ. ಬೂದು-ಬೆಳ್ಳಿ ಹೊಳಪಷ್ಟೇ ಇದ್ದರೆ ಇನ್ನೂ ಕಡಿಮೆ.

ಪ್ರಶ್ನೆ: ಡೀಸೆಲ್ ಆವಿಗೆ ಅಲೋಹಾ (ಸೋರಿದ ವಿಷಾನಿಲ ಎಷ್ಟು ದೂರ ಹರಡುತ್ತದೆಂದು ಲೆಕ್ಕ ಹಾಕುವ ತಂತ್ರಾಂಶ) ಬಳಸಬಹುದೇ? (ದಾವಣಗೆರೆಯ ಓದುಗರು)

ಉತ್ತರ: ಇಲ್ಲ. ಅದು ಮುಖ್ಯವಾಗಿ ಶುದ್ಧ ರಾಸಾಯನಿಕಗಳಿಗೆ. ಡೀಸೆಲ್, ಪೆಟ್ರೋಲು ಬೆರಕೆ. ಅಮೋನಿಯಾ ಟ್ಯಾಂಕರಾದರೆ ಧಾರಾಳವಾಗಿ ಬಳಸಿ.