ಹಾರುಬೂದಿ ಸೇರಿಸಿದರೆ ಕಾಂಕ್ರೀಟ್ ಬ್ಲಾಕ್ ನಿಜವಾಗಿಯೂ ಗಟ್ಟಿಯಾಗುತ್ತದೆಯೇ?

ಆಗುತ್ತದೆ, ಆದರೆ ಕಾಯಬೇಕು.

ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಚಿಮಣಿಗೆ ಹೋಗುವ ಹೊಗೆಯಿಂದ ಸೋಸಿ ಹಿಡಿಯುವ ಹಾರುಬೂದಿ, ಅಂದರೆ ಫ್ಲೈ ಆಶ್, ಸೌದೆ ಒಲೆಯ ಬೂದಿಯಂಥದ್ದಲ್ಲ. ಅದರಲ್ಲಿ ಹೆಚ್ಚಿನ ಪಾಲು ಗಾಜಿನ ರೂಪದ ಸಿಲಿಕಾ ಮತ್ತು ಅಲ್ಯುಮಿನಾ.

ಸಿಮೆಂಟಿಗೆ ನೀರು ಬಿದ್ದಾಗ ಜಲ್ಲಿ, ಮರಳನ್ನು ಹಿಡಿದಿಡುವ ಅಂಟು ಹುಟ್ಟುತ್ತದೆ. ಜೊತೆಗೆ ಅರಳಿದ ಸುಣ್ಣವೂ (ಕ್ಯಾಲ್ಸಿಯಂ ಹೈಡ್ರಾಕ್ಸೈಡ್) ಹುಟ್ಟುತ್ತದೆ. ಈ ಸುಣ್ಣದಿಂದ ಬಲ ಅಷ್ಟಾಗಿ ಬರುವುದಿಲ್ಲ. ನೀರು ಒಸರಿದರೆ ಕರಗಿ ಹೊರಬಂದು ಗೋಡೆಯ ಮೇಲೆ ಬಿಳಿ ಕಲೆಯಾಗಿ ಕೂರುತ್ತದೆ. ಹಾರುಬೂದಿಯ ಸಿಲಿಕಾ ಇದೇ ಸುಣ್ಣದೊಂದಿಗೆ ಸೇರಿ ಇನ್ನಷ್ಟು ಅಂಟಾಗುತ್ತದೆ, ಒಳಗಿನ ಸಣ್ಣ ರಂಧ್ರಗಳನ್ನು ತುಂಬುತ್ತದೆ. ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸುವುದು ಇದೇ: ಕೆಲಸಕ್ಕೆ ಬಾರದ ಎರಡು ವಸ್ತು ಸೇರಿ ಬಲವಾಗುವುದು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಾರುಬೂದಿಯ ಕಣಗಳು ಪುಟ್ಟ ಗೋಲಿಗಳ ಹಾಗಿರುತ್ತವೆ. ಮಿಶ್ರಣ ಸಲೀಸಾಗಿ ಜಾರುವುದರಿಂದ ನೀರು ಕಡಿಮೆ ಸಾಕು, ನೀರು ಕಡಿಮೆಯಾದಷ್ಟೂ ಬ್ಲಾಕ್ ಗಟ್ಟಿ.

ಆದರೆ ಬೂದಿ ಸುಣ್ಣದೊಂದಿಗೆ ಸೇರುವ ಕ್ರಿಯೆ ನಿಧಾನ. 7ನೇ ದಿನ ಒಡೆದು ನೋಡಿದರೆ ಬರೀ ಸಿಮೆಂಟಿನ ಬ್ಲಾಕೇ ಸಾಮಾನ್ಯವಾಗಿ ಮೇಲು. ಹಾರುಬೂದಿ ಬ್ಲಾಕಿನ ಬಲ 28 ದಿನ ದಾಟಿದ ಮೇಲೂ ಏರುತ್ತಲೇ ಇರುತ್ತದೆ. ಹಾಗಾಗಿ ನೀರುಣಿಸಿ ತೇವವಾಗಿಡುವ ಕ್ಯೂರಿಂಗ್‌ನಲ್ಲಿ ಜಿಪುಣತನ ಬೇಡ, ಒಣಗಿದ ಬ್ಲಾಕಿನಲ್ಲಿ ಈ ಕ್ರಿಯೆ ನಿಂತೇಹೋಗುತ್ತದೆ.

ಸಾಮಾನ್ಯವಾಗಿ ಸಿಮೆಂಟಿನ ಶೇ. 15ರಿಂದ 30ರಷ್ಟನ್ನು ಬೂದಿಗೆ ಬದಲಾಯಿಸುತ್ತಾರೆ. ಬೂದಿ ತೀರಾ ಕಪ್ಪಗಿದ್ದರೆ ಸುಡದ ಇಂಗಾಲ ಹೆಚ್ಚಿರಬಹುದು, ಪರೀಕ್ಷೆ ಮಾಡಿಸದೆ ಬಳಸಬೇಡಿ. ಕುಲುಮೆಯ ತಳದಲ್ಲಿ ಸಿಗುವ ದಪ್ಪ ಬೂದಿ ಬೇರೆಯದೇ, ಅದನ್ನು ಮರಳಿನ ಬದಲಿಗೆ ಹಾಕುತ್ತಾರೆ, ಸಿಮೆಂಟಿನ ಬದಲಿಗಲ್ಲ.