ಓದುಗರ ಪ್ರಶ್ನೆ: ಹಳ್ಳಕ್ಕೆ ಕೆಸರು, ನೊರೆ, ಸಿಮೆಂಟ್ ನೀರು ಬಂದರೆ

ಹಳ್ಳ, ತೊರೆಗಳ ಮಗ್ಗುಲಲ್ಲಿ ನಡೆಯುವ ಕಟ್ಟಡ ಕೆಲಸದ ಬಗ್ಗೆ ಹಲವು ಪತ್ರಗಳು ಬಂದಿವೆ. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಳ್ಳದ ಮೇಲ್ಭಾಗದಲ್ಲಿ ಬಡಾವಣೆಗಾಗಿ ನೆಲ ಸಮ ಮಾಡುತ್ತಿದ್ದಾರೆ. ಒತ್ತಾಯಿಸಿದ ಮೇಲೆ ಸುತ್ತಲೂ ಬಟ್ಟೆಯ ಹೂಳುಬೇಲಿ ಹಾಕಿದರು. ಆದರೂ ಮಳೆ ಬಂದಾಗಲೆಲ್ಲ ನೀರು ರಾಡಿಯಾಗುತ್ತದೆ. ಬೇಲಿ ಸರಿಯಿಲ್ಲವೋ, ಹಾಕಿದ ರೀತಿ ಸರಿಯಿಲ್ಲವೋ?

ಉತ್ತರ: ಸಾಮಾನ್ಯವಾಗಿ ಹಾಕಿದ ರೀತಿಯೇ ತಪ್ಪಿರುತ್ತದೆ. ಬಟ್ಟೆ ಕೆಸರನ್ನು ಸೋಸುತ್ತದೆ ಎಂದುಕೊಂಡು ಬೇಲಿ ಕಟ್ಟುವವರೇ ಹೆಚ್ಚು. ಬಟ್ಟೆಯ ರಂಧ್ರಗಳು ಬೇಗನೆ ಕಟ್ಟಿಕೊಳ್ಳುತ್ತವೆ. ಬೇಲಿ ಅಸಲು ಕೆಲಸ ಮಾಡುವುದು ನೀರನ್ನು ಹಿಂದೆ ತಡೆದು ನಿಲ್ಲಿಸಿ, ಹೂಳು ತಳ ಸೇರಲು ಸಮಯ ಕೊಡುವುದರಿಂದ. ಹಾಗಾಗಿ ಬೇಲಿಯ ಹಿಂದೆ ನೀರು ನಿಲ್ಲುತ್ತಿದೆಯೇ ಎಂದು ಮಳೆ ಬರುವಾಗಲೇ ಹೋಗಿ ನೋಡಿ. ನಿಲ್ಲದಿದ್ದರೆ ಅಡಿಯಿಂದಲೋ ಪಕ್ಕದಿಂದಲೋ ಹರಿದುಹೋಗುತ್ತಿದೆ ಎಂದರ್ಥ.

ಅಡಿಯಿಂದ ನುಸುಳಲು ಕಾರಣ ಬಟ್ಟೆಯ ಕೆಳ ಅಂಚನ್ನು ಹೂಳದಿರುವುದು. 15 ಸೆಂ.ಮೀ. ಅಗಲ, 15 ಸೆಂ.ಮೀ. ಆಳದ ಕಾಲುವೆ ತೋಡಿ, ಅಂಚನ್ನು ಒಳಗಿಳಿಸಿ, ಮಣ್ಣು ತುಂಬಿ ಗಟ್ಟಿಯಾಗಿ ತುಳಿಯಬೇಕು. ಅಂಚಿನ ಮೇಲೆ ಕಲ್ಲು ಹೇರಿದರೆ ಸಾಲದು. ಗೂಟಗಳು ಇಳಿಜಾರಿನ ಕೆಳಬದಿಗಿರಲಿ, ಬಟ್ಟೆ ಮೇಲ್ಬದಿಗಿರಲಿ. ಗೂಟದಿಂದ ಗೂಟಕ್ಕೆ 2 ಮೀಟರ್ ಮೀರಬಾರದು. ಪಕ್ಕದಿಂದ ನುಸುಳುತ್ತಿದ್ದರೆ ಬೇಲಿ ಸಮಮಟ್ಟದ ರೇಖೆಯ ಮೇಲಿಲ್ಲ ಎಂದು ತಿಳಿಯಿರಿ. ನಿವೇಶನದ ಗಡಿಯುದ್ದಕ್ಕೂ ನೇರವಾಗಿ ಎಳೆದ ಬೇಲಿ ನೀರನ್ನು ತಡೆಯುವುದಿಲ್ಲ, ಒಂದು ಮೂಲೆಗೆ ಸಾಗಿಸುತ್ತದೆ. ಎರಡೂ ತುದಿಗಳನ್ನು ಇಳಿಜಾರಿನ ಮೇಲ್ಬದಿಗೆ ಬಾಗಿಸಿ. 30 ಮೀಟರ್ ಬೇಲಿಗೆ ಹೆಚ್ಚೆಂದರೆ 0.1 ಹೆಕ್ಟೇರ್ ನೆಲದ ನೀರು ಬರಬಹುದು. ಇಳಿಜಾರಿನ ಬುಡಕ್ಕೆ ಅಂಟಿಸದೆ ಒಂದೂವರೆಯಿಂದ 3 ಮೀಟರ್ ದೂರ ಬಿಟ್ಟರೆ ನೀರು ನಿಲ್ಲಲು ಜಾಗ ಸಿಗುತ್ತದೆ. ಹೂಳು ಬೇಲಿಯ ಎತ್ತರದ ಮೂರನೇ ಒಂದು ಭಾಗ ಮುಟ್ಟಿದೊಡನೆ ತೆಗೆಯಬೇಕು.

ಹರಿಯುವ ಕಾಲುವೆಗೆ ಅಡ್ಡಲಾಗಿ ಹೂಳುಬೇಲಿ ಎಂದಿಗೂ ಬೇಡ, ಒಂದು ಜೋರು ಮಳೆಗೇ ಕಿತ್ತುಹೋಗುತ್ತದೆ. ಅಲ್ಲಿ ಬೇಕಾದದ್ದು ಕಲ್ಲಿನ ತಡೆ. ಅದರ ನಡುಭಾಗದ ಎತ್ತರ 60 ಸೆಂ.ಮೀ. ದಾಟದಿರಲಿ. ನಡುಭಾಗ ಅಂಚುಗಳಿಗಿಂತ ಕನಿಷ್ಠ 15 ಸೆಂ.ಮೀ. ತಗ್ಗಿರಬೇಕು, ಇಲ್ಲದಿದ್ದರೆ ನೀರು ದಡವನ್ನೇ ಕೊರೆದು ದಾರಿ ಮಾಡಿಕೊಳ್ಳುತ್ತದೆ. ಮೇಲಿನ ತಡೆಯ ಬುಡ ಮತ್ತು ಕೆಳಗಿನ ತಡೆಯ ನಡುನೆತ್ತಿ ಒಂದೇ ಮಟ್ಟದಲ್ಲಿರಬೇಕು. 4 ಶೇಕಡಾ ಇಳಿಜಾರಿನಲ್ಲಿ ನಡುಭಾಗ 60 ಸೆಂ.ಮೀ. ಇರುವ ತಡೆಗಳ ನಡುವೆ 15 ಮೀಟರ್ ಅಂತರ. ಇವು ನಿವೇಶನದ ಕಾಲುವೆಗಳಿಗೆ ಮಾತ್ರ. ಹಳ್ಳದೊಳಗೇ ಕಟ್ಟಿದರೆ ಜಲಚರಗಳ ಓಡಾಟ ನಿಲ್ಲುತ್ತದೆ.

ಎಲ್ಲವನ್ನೂ ಸರಿಪಡಿಸಿದ ಮೇಲೂ ನೀರು ರಾಡಿಯಾಗಿಯೇ ಇದ್ದರೆ ಕಾರಣ ಜೇಡಿ. ನಿಂತ ನೀರಿನಲ್ಲಿ 0.1 ಮಿ.ಮೀ. ಮರಳಿನ ಕಣ 1 ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. 10 ಮೈಕ್ರಾನಿನ (0.01 ಮಿ.ಮೀ.) ಹೂಳಿಗೆ 3 ಗಂಟೆ ಬೇಕು. 2 ಮೈಕ್ರಾನಿನ ಜೇಡಿ ಕಣಕ್ಕೆ ಮೂರು ದಿನಕ್ಕೂ ಹೆಚ್ಚು. ಯಾವ ಬೇಲಿಯೂ ಅಷ್ಟು ಹೊತ್ತು ನೀರನ್ನು ಹಿಡಿದಿಡುವುದಿಲ್ಲ. ಹೂಳುಹೊಂಡ ಸ್ವಲ್ಪ ವಾಸಿ. ಅಗೆದ ನೆಲದ ಪ್ರತಿ ಹೆಕ್ಟೇರಿಗೆ ಸುಮಾರು 250 ಘನ ಮೀಟರ್ ಗಾತ್ರವಿರಲಿ, ಉದ್ದ ಅಗಲದ ಎರಡು ಪಟ್ಟಾದರೂ ಇರಲಿ, ನೀರು ಹೊರಹೋಗುವುದು ಮೇಲ್ಪದರದಿಂದ ಇರಲಿ. ಆದರೂ ಜೇಡಿಯ ಒಂದು ಪಾಲು ತಪ್ಪಿಸಿಕೊಳ್ಳುತ್ತದೆ.

ಆದ್ದರಿಂದ ನೀವು ಒತ್ತಾಯಿಸಬೇಕಾದದ್ದು ಬೇಲಿಗಲ್ಲ, ಹೊದಿಕೆಗೆ. ಒಮ್ಮೆಗೇ ಇಡೀ ನೆಲವನ್ನು ಬೋಳು ಮಾಡದೆ ಕೆಲಸ ನಡೆಯುವ ತುಂಡನ್ನು ಮಾತ್ರ ಅಗೆಯುವುದು, ಕೆಲಸ ನಿಂತ ತುಂಡಿಗೆ ಹೆಕ್ಟೇರಿಗೆ 4ರಿಂದ 5 ಟನ್ ಒಣಹುಲ್ಲು ಹರಡುವುದು, ಕಡಿದಾದ ಇಳಿಜಾರಿಗೆ ನಾರಿನ ಚಾಪೆ ಹೊದಿಸುವುದು. ಚಾಪೆ ಮಣ್ಣಿಗೆ ಅಂಟಿಕೊಂಡಿರಬೇಕು. ಡೇರೆಯಂತೆ ಎದ್ದು ನಿಂತರೆ ನೀರು ಅದರಡಿಯಲ್ಲೇ ಕೊರಕಲು ತೆಗೆಯುತ್ತದೆ, ಮೇಲಿಂದ ನೋಡಿದವರಿಗೆ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತದೆ! ನಿವೇಶನಕ್ಕಿಂತ ಮೇಲಿನ ನೆಲದಿಂದ ಬರುವ ತಿಳಿನೀರನ್ನು ಬದಿಗಾಲುವೆ ತೋಡಿ ಹೊರಗಿನಿಂದಲೇ ತಿರುಗಿಸಿದರೆ ಅರ್ಧ ತೊಂದರೆ ಮುಗಿಯುತ್ತದೆ. ಲಾರಿಗಳು ಹೊರಬರುವ ಬಾಯಲ್ಲಿ 5ರಿಂದ 8 ಸೆಂ.ಮೀ. ಗಾತ್ರದ ಜಲ್ಲಿಯನ್ನು 15 ಸೆಂ.ಮೀ. ದಪ್ಪ, 15 ಮೀಟರ್ ಉದ್ದ ಹಾಸಿ. ಟೈರಿಗೆ ಮೆತ್ತಿದ ಮಣ್ಣು ರಸ್ತೆಗೆ ಬಂದರೆ ಅಲ್ಲಿಂದ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ ಅದನ್ನು ತಡೆಯುವವರಿಲ್ಲ.

ಪ್ರಶ್ನೆ: ನೀರು ರಾಡಿಯಾಗಿದೆ ಎಂದರೆ ಗುತ್ತಿಗೆದಾರರು ಒಪ್ಪುವುದಿಲ್ಲ, ಮಳೆಗಾಲದಲ್ಲಿ ಎಲ್ಲ ಹಳ್ಳವೂ ಹೀಗೆಯೇ ಎನ್ನುತ್ತಾರೆ. ಅಳೆದು ತೋರಿಸುವುದು ಹೇಗೆ?

ಉತ್ತರ: ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅದಕ್ಕೇ ಒಂದೇ ಜಾಗದ ಅಳತೆಗೆ ಬೆಲೆಯಿಲ್ಲ. ನಿವೇಶನದ ನೀರು ಸೇರುವ ಜಾಗಕ್ಕಿಂತ ಮೇಲೊಂದು, ಕೆಳಗೊಂದು, ಹೀಗೆ ಎರಡು ಮಾದರಿಗಳನ್ನು ಕೆಲವೇ ನಿಮಿಷಗಳ ಅಂತರದಲ್ಲಿ ತೆಗೆದುಕೊಳ್ಳಿ. ಕೆಳಗಿನ ಜಾಗ ಎರಡೂ ನೀರು ಚೆನ್ನಾಗಿ ಬೆರೆತ ಮೇಲಿನದಾಗಿರಲಿ.

ಅಳೆಯಲು 60 ಸೆಂ.ಮೀ. ಉದ್ದದ ಪಾರದರ್ಶಕ ಕೊಳವೆ ಸಾಕು. ತಳದಲ್ಲಿ ಕಪ್ಪು ಬಿಳುಪಿನ ನಾಲ್ಕು ಕಾಲುಭಾಗಗಳಿರುವ ಬಿಲ್ಲೆ, ಪಕ್ಕದಲ್ಲಿ ಸೆಂಟಿಮೀಟರ್ ಪಟ್ಟಿ. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದ ತಿಳಿತನ ಅಳೆಯಲು ಬಿಲ್ಲೆ ಇಳಿಬಿಟ್ಟ ವಿಧಾನದ ಪುಟ್ಟ ರೂಪ ಇದು. ಹರಿವಿಗೆ ಎದುರಾಗಿ ನಿಂತು, ನಿಮ್ಮ ಕಾಲು ಕಲಕದ ಕಡೆಯಿಂದ ನೀರು ತುಂಬಿ. ಪಾತ್ರೆಯನ್ನು ಕಲಕಿ ಕೊಳವೆಗೆ ಸ್ವಲ್ಪ ಸ್ವಲ್ಪವೇ ಸುರಿಯುತ್ತ ಮೇಲಿಂದ ನೋಡಿ. ಬಿಲ್ಲೆಯ ಗುರುತು ಮರೆಯಾದ ಎತ್ತರವೇ ನಿಮ್ಮ ಅಳತೆ. ಬಿಸಿಲಿಗೆ ಬೆನ್ನು ಹಾಕಿ ನೆರಳಿನಲ್ಲಿ ಹಿಡಿಯಿರಿ, ಬಣ್ಣದ ಕನ್ನಡಕ ತೆಗೆಯಿರಿ. ಕೊಳವೆಯಿಂದ ಕೊಳವೆಗೆ ಪಟ್ಟಿ ತುಸು ಬದಲಾಗುತ್ತದೆ. ಎನ್‌ಟಿಯು ಎಂಬುದು ರಾಡಿತನದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನೀರು ರಾಡಿ. ಅಂದಾಜಿಗೆ 50 ಸೆಂ.ಮೀ. ಆಸುಪಾಸು ಎಂದರೆ 10 ಎನ್‌ಟಿಯು, 12 ಸೆಂ.ಮೀ. ಎಂದರೆ 100 ಎನ್‌ಟಿಯು, 7 ಸೆಂ.ಮೀ. ಎಂದರೆ 200ರ ಆಸುಪಾಸು. ಮೇಲಿನ ಜಾಗದಲ್ಲಿ 40 ಸೆಂ.ಮೀ., ಕೆಳಗಿನದರಲ್ಲಿ 8 ಸೆಂ.ಮೀ. ಬಂದರೆ ಮಳೆಗಾಲದ ವಾದ ಬಿದ್ದುಹೋಗುತ್ತದೆ. ಪ್ರತಿ ಅಳತೆಯ ಜೊತೆ ಸಮಯ, ಹಿಂದಿನ 24 ಗಂಟೆಯ ಮಳೆ, ಎರಡೂ ಜಾಗಗಳ ಫೋಟೊ ಇರಲಿ. ತಿಳಿಯಾಗಿದ್ದ ದಿನಗಳ ಅಳತೆಯನ್ನೂ ಬರೆದಿಡಿ. ದೂರಿನ ದಿನದ ಸಂಖ್ಯೆ ಮಾತ್ರ ಇದ್ದರೆ ಯಾವ ಅಧಿಕಾರಿಯೂ ಅದನ್ನು ಗಂಭೀರವಾಗಿ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ.

ಪ್ರಶ್ನೆ: ಮಳೆಯಿಲ್ಲದ ದಿನಗಳಲ್ಲೂ ಮಳೆನೀರಿನ ಕೊಳವೆಯೊಂದರಿಂದ ನೊರೆ ಬರುತ್ತದೆ. ಎಲ್ಲಿಂದ ಎಂದು ಪತ್ತೆ ಮಾಡಬಹುದೇ?

ಉತ್ತರ: ಮಾಡಬಹುದು. ಮಳೆ ನಿಂತು 72 ಗಂಟೆಯಾದ ಮೇಲೂ ಮಳೆನೀರಿನ ಕೊಳವೆ ಹರಿಯುತ್ತಿದ್ದರೆ ಅದು ಅಂತರ್ಜಲದ ಒಸರು, ಒಡೆದ ನೀರಿನ ಪೈಪು, ಇಲ್ಲವೇ ಯಾರೋ ತಪ್ಪಾಗಿ ಜೋಡಿಸಿದ ಬಚ್ಚಲ ನೀರು. ಕೊನೆಯದನ್ನು ಬೇರ್ಪಡಿಸಿ ಗುರುತಿಸಲು ಹತ್ತಿಯ ತುಣುಕು ಸಾಕು. ಹಲವು ಬಟ್ಟೆ ಸಾಬೂನು ಪುಡಿಗಳಲ್ಲಿ ಹೊಳಪು ಕೊಡುವ ರಾಸಾಯನಿಕವಿರುತ್ತದೆ. ಅದು ಹತ್ತಿಗೆ ಅಂಟಿಕೊಳ್ಳುತ್ತದೆ, ನೇರಳಾತೀತ ಬೆಳಕಿನಲ್ಲಿ ನೀಲಿ ಬಿಳಿಯಾಗಿ ಹೊಳೆಯುತ್ತದೆ.

ಹೊಳಪು ಹಾಕದ ಹತ್ತಿಯನ್ನು ತಂತಿ ಬಲೆಯ ಪುಟ್ಟ ಪಂಜರದಲ್ಲಿಟ್ಟು, ಕೊಳವೆಯ ಬಾಯಲ್ಲಿ ನೀರು ತಾಗುವಂತೆ ನಾಲ್ಕರಿಂದ ಏಳು ದಿನ ಕಟ್ಟಿಡಿ. ತೆಗೆದು ತಿಳಿನೀರಿನಲ್ಲಿ ಮೆಲ್ಲಗೆ ಅಲುಬಿ, ಕತ್ತಲಲ್ಲಿ ಒಣಗಿಸಿ, 365 ನ್ಯಾನೊಮೀಟರ್ ಟಾರ್ಚಿನಲ್ಲಿ ನೋಡಿ. ಹೋಲಿಕೆಗೆ ನೀರಿಗಿಳಿಸದ ಒಂದು ತುಣುಕು ಪಕ್ಕದಲ್ಲಿರಲೇಬೇಕು. ಪರೀಕ್ಷೆ ಕೆಡುವುದು ಹೆಚ್ಚಾಗಿ ಕೈಯಿಂದ: ಒಗೆದ ಬಟ್ಟೆಗೆ ಅಥವಾ ಬಿಳಿ ಕಾಗದಕ್ಕೆ ತಾಗಿದ ಹತ್ತಿಯೂ ಹೊಳೆಯುತ್ತದೆ. ಬಿಸಿಲು ಈ ರಾಸಾಯನಿಕವನ್ನು ಕೆಡಿಸುವುದರಿಂದ ಕೊಳವೆಯ ಒಳಗೆ, ನೆರಳಿನಲ್ಲಿ ಕಟ್ಟುವುದು ಮೇಲು. ಹೊಳೆಯದಿದ್ದರೆ ಕೊಳಚೆಯಿಲ್ಲ ಎಂದು ತೀರ್ಮಾನಿಸಬೇಡಿ, ಎಲ್ಲ ಸಾಬೂನಿನಲ್ಲೂ ಇದು ಇರುವುದಿಲ್ಲ.

ಹೊಳೆದರೆ ಕೊಳವೆಯ ಜಾಲದ ನಡುವಿನ ಮ್ಯಾನ್‌ಹೋಲಿನಲ್ಲಿ ಮತ್ತೊಂದು ಪರೀಕ್ಷೆ, ಅಲ್ಲಿಂದ ಮೇಲೋ ಕೆಳಗೋ ಎಂದು ಅರ್ಧರ್ಧ ಮಾಡುತ್ತ ಹೋದರೆ ಬೀದಿ ಸಿಗುತ್ತದೆ, ಆಮೇಲೆ ಮನೆಯೂ. ಆದರೆ ಮ್ಯಾನ್‌ಹೋಲಿನ ಮುಚ್ಚಳ ತೆಗೆಯುವುದು ಮತ್ತು ಇಳಿಯುವುದು ತರಬೇತಿ, ಸಲಕರಣೆ ಇರುವವರ ಕೆಲಸ. ಒಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಮೂಗಿನ ವಾಸನೆ ಗ್ರಹಿಸುವ ಶಕ್ತಿಯನ್ನೇ ಕಳೆಯುತ್ತದೆ, ವಾಸನೆಯಿಲ್ಲ ಎಂದು ಇಳಿದವರು ಸತ್ತಿದ್ದಾರೆ. ಕೊಳವೆಯ ಬಾಯಿಯ ಫಲಿತಾಂಶವನ್ನು ಒಳಚರಂಡಿ ನೋಡಿಕೊಳ್ಳುವ ಸಂಸ್ಥೆಗೆ ಕೊಟ್ಟು ಮುಂದಿನದನ್ನು ಅವರಿಂದ ಮಾಡಿಸಿ.

ಪ್ರಶ್ನೆ: ಕಾಂಕ್ರೀಟ್ ಮಿಕ್ಸರ್ ತೊಳೆದ ನೀರು ಹಳ್ಳಕ್ಕೆ ಹೋದರೆ ಅಪಾಯವೇ? ಬರೀ ಸುಣ್ಣದ ನೀರಿನ ಹಾಗಲ್ಲವೇ?

ಉತ್ತರ: ಸುಣ್ಣದ ನೀರಿನ ಹಾಗೇ, ಅದೇ ಅಪಾಯ. ಅದರ ಪಿಎಚ್ 12ರಿಂದ 13. ಬಹುತೇಕ ಸಿಹಿನೀರಿನ ಮೀನುಗಳಿಗೆ ಒಗ್ಗುವುದು 6.5ರಿಂದ 9. ಒಂದೊಂದು ಅಂಕಕ್ಕೂ ಹತ್ತು ಪಟ್ಟು ವ್ಯತ್ಯಾಸ, ಅಂದರೆ 9ಕ್ಕೂ 12ಕ್ಕೂ ನಡುವೆ ಸಾವಿರ ಪಟ್ಟು. ಕಿವಿರು ಸುಡುವುದಲ್ಲದೆ, ನೀರಿನಲ್ಲಿರುವ ಅಮೋನಿಯಂ ವಿಷಕಾರಿ ಅಮೋನಿಯಾ ಆಗಿ ಬದಲಾಗುತ್ತದೆ. ಹಳ್ಳ ಮತ್ತು ಚರಂಡಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ ಗುಂಡಿ ತೋಡಿ, ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಹಾಸಿ, ಅಲ್ಲೇ ತೊಳೆಯಬೇಕು. ಮುಕ್ಕಾಲು ತುಂಬಿದಾಗ ಗಟ್ಟಿಯಾದದ್ದನ್ನು ಒಡೆದು ತೆಗೆಯಿರಿ, ಹೊಸ ಹಾಳೆ ಹಾಸಿ.

ಪ್ರಶ್ನೆ: ದಡ ಕುಸಿಯುತ್ತಿದೆ. ಹೂಳೆತ್ತಿಸಿ ಎರಡೂ ಬದಿ ಕಾಂಕ್ರೀಟ್ ಗೋಡೆ ಕಟ್ಟಿಸುವ ಪ್ರಸ್ತಾಪವಿದೆ. ಅಥವಾ ಗಿಡ ನೆಡುವುದೇ ಸಾಕೇ? ಎಷ್ಟು ಅಗಲ?

ಉತ್ತರ: ಗೋಡೆ ಕಟ್ಟಿದ ಜಾಗ ಉಳಿಯುತ್ತದೆ, ಅದರ ಬೆಲೆಯನ್ನು ಕೆಳಗಿನ ಊರು ತೆರುತ್ತದೆ. ಒರಟುತನ ಕಡಿಮೆಯಾದಷ್ಟೂ ವೇಗ ಹೆಚ್ಚು: ಅದೇ ಆಳ, ಅದೇ ಇಳಿಜಾರಿನಲ್ಲಿ ಕಾಂಕ್ರೀಟ್ ಕಾಲುವೆಯ ನೀರು ಗಿಡ, ಕಲ್ಲುಗಳಿರುವ ಹಳ್ಳದ ನೀರಿಗಿಂತ ಎರಡರಿಂದ ಮೂರು ಪಟ್ಟು ವೇಗವಾಗಿ ಓಡುತ್ತದೆ. ಗೋಡೆ ಮುಗಿಯುವಲ್ಲಿ ಕೊರೆತ ಶುರು.

ದಡ ಕುಸಿಯುವುದಕ್ಕೆ ಮೂಲ ಹೆಚ್ಚಾಗಿ ಮೇಲಿನ ಛಾವಣಿ, ರಸ್ತೆಗಳಲ್ಲಿರುತ್ತದೆ. ಗಂಟೆಗೆ 50 ಮಿ.ಮೀ. ಮಳೆಯಲ್ಲಿ ಒಂದು ಹೆಕ್ಟೇರ್ ಹುಲ್ಲುಗಾವಲಿನಿಂದ ಸೆಕೆಂಡಿಗೆ ಸುಮಾರು 28 ಲೀಟರ್ ಹರಿದರೆ, ಅದೇ ನೆಲಕ್ಕೆ ಡಾಂಬರು ಹಾಕಿದ ಮೇಲೆ 125 ಲೀಟರ್. ಜಲಾನಯನದ 10 ಶೇಕಡಾದಷ್ಟು ನೆಲ ನೀರಿಂಗದಂತಾದಾಗಲೇ ತೊರೆಗಳು ಕೆಡುವ ಲಕ್ಷಣ ಕಾಣತೊಡಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಚ್ಚರಿಕೆಯ ಗೆರೆ. ಹಾಗಾಗಿ ಛಾವಣಿಯ ನೀರನ್ನು ಮೊದಲು ಇಂಗಿಸಿ. 100 ಚದರ ಮೀಟರ್ ಛಾವಣಿಗೆ 25 ಮಿ.ಮೀ. ಮಳೆ ಎಂದರೆ 2,500 ಲೀಟರ್. 15 ಸೆಂ.ಮೀ. ಆಳದ ಇಂಗುತಗ್ಗಿಗೆ 17 ಚದರ ಮೀಟರ್ ಬೇಕು. ನೀರು 48 ಗಂಟೆಯೊಳಗೆ ಇಂಗದಿದ್ದರೆ ಸೊಳ್ಳೆ ಹುಟ್ಟುತ್ತದೆ, ಅಂಥ ನೆಲ ಈ ಕೆಲಸಕ್ಕೆ ಒದಗುವುದಿಲ್ಲ. ಕಟ್ಟಡದ ಕೆಲಸ ಮುಗಿಯುವ ಮುನ್ನ ಇದನ್ನು ಮಾಡಬೇಡಿ, ಕೆಸರು ನುಗ್ಗಿ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ.

ಇನ್ನು ಹಸಿರು ಪಟ್ಟಿ. 5ರಿಂದ 10 ಮೀಟರ್ ಇದ್ದರೆ ದಪ್ಪ ಹೂಳು ಬಹುಮಟ್ಟಿಗೆ ನಿಲ್ಲುತ್ತದೆ. ನೆರಳು, ಜೀವಿಗಳ ನೆಲೆ ಎಲ್ಲ ಬೇಕೆಂದರೆ 30 ಮೀಟರ್. ನೀರಿನಂಚಿಗೆ ಮರ, ಆಚೆಗೆ ಪೊದೆ, ಹೊರ ಅಂಚಿಗೆ ದಟ್ಟ ಹುಲ್ಲು. ಬಹಳ ಜನ ಹುಲ್ಲನ್ನು ಬಿಡುತ್ತಾರೆ, ಆದರೆ ಹೊರಗಿನಿಂದ ಬರುವ ನೀರನ್ನು ಹರವಿ ನಿಧಾನಗೊಳಿಸುವುದು ಅದೇ. ಎಲ್ಲೋ ಒಂದು ಕೊರಕಲು ಪಟ್ಟಿಯನ್ನು ಸೀಳಿಕೊಂಡು ಹಳ್ಳ ಸೇರುತ್ತಿದ್ದರೆ ಅಗಲ ಎಷ್ಟಿದ್ದರೂ ವ್ಯರ್ಥ, ಮೊದಲು ಅದನ್ನು ಮುಚ್ಚಿ. ದಡಕ್ಕೆ ಸುಲಭವಾಗಿ ಬೇರು ಬಿಡುವ ಸ್ಥಳೀಯ ಜಾತಿಯ ಹಸಿ ಕಡ್ಡಿಗಳನ್ನು ನೆಡಿ: 2ರಿಂದ 4 ಸೆಂ.ಮೀ. ದಪ್ಪ, 50ರಿಂದ 100 ಸೆಂ.ಮೀ. ಉದ್ದ, ಮೂರನೇ ಎರಡು ಭಾಗ ಮಣ್ಣಿನೊಳಗೆ, ಮೊಗ್ಗು ಮೇಲ್ಮುಖ. ಗೊಬ್ಬರ ಹಾಕಬೇಡಿ, ಅದು ನೇರ ಹಳ್ಳಕ್ಕೆ. ದನ ನೀರಿಗಿಳಿಯುವ ಜಾಗವಿದ್ದರೆ ಪಟ್ಟಿಯ ಹೊರಗೆ ತೊಟ್ಟಿ ಕಟ್ಟಿಸಿ, ಇಲ್ಲದಿದ್ದರೆ ನೆಟ್ಟದ್ದು ಒಂದೇ ವಾರದಲ್ಲಿ ತುಳಿತಕ್ಕೆ ಸಿಗುತ್ತದೆ.

ಪ್ರಶ್ನೆ: ನಿಂತ ನೀರಿನ ಮೇಲೆ ಬಣ್ಣಬಣ್ಣದ ಪದರ, ತಳದಲ್ಲಿ ಕಿತ್ತಳೆ ಲೋಳೆ. ಯಾರೋ ಎಣ್ಣೆ ಸುರಿದಿದ್ದಾರೆಯೇ?

ಉತ್ತರ: ಕಡ್ಡಿಯಿಂದ ಪದರವನ್ನು ಕಲಕಿ. ಒಡೆದ ಗಾಜಿನಂತೆ ಚೂರುಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ, ಕಿತ್ತಳೆ ಲೋಳೆಯೂ ಅದರದೇ, ಅಪಾಯವಿಲ್ಲ. ಸುಳಿದು ಮತ್ತೆ ಕೂಡಿಕೊಂಡರೆ, ಜೊತೆಗೆ ಪೆಟ್ರೋಲಿನ ವಾಸನೆಯಿದ್ದರೆ ಎಣ್ಣೆ. ಆಗ ಮೇಲ್ಮುಖವಾಗಿ ನಡೆದು ಮೊದಲ ಕೊಳವೆಯ ಬಾಯಿ ನೋಡಿ, ಫೋಟೊ ತೆಗೆದು, ಅದೇ ದಿನ ದೂರು ಕೊಡಿ. ಸಾಬೂನು ನೀರು ಹಾಕಿ ಕರಗಿಸಲು ಹೋಗಬೇಡಿ. ಎಣ್ಣೆ ಕಣ್ಣಿಗೆ ಮರೆಯಾಗುತ್ತದೆ, ಆದರೆ ನೀರಿನ ಪೂರ್ತಿ ಆಳಕ್ಕೆ ಬೆರೆತು ಮೀನುಗಳಿಗೆ ಇನ್ನೂ ಹತ್ತಿರವಾಗುತ್ತದೆ.