ಬೊಂಬೆ ಅಲ್ಲಾಡದಿದ್ದರೂ ಬೆಳಕು ಮಿನುಗುವುದು

ನಿಮ್ಮ ಸ್ಟಾಪ್‌ಮೋಷನ್ ಚಿತ್ರದ, ಅಂದರೆ ಬೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಫೋಟೋ ತೆಗೆದು ಓಡಿಸುವ ಚಿತ್ರದ, ಒಂದು ದೃಶ್ಯ ಏಕೆ ಮಿನುಗುತ್ತದೆ ಎಂದು ಕೇಳಿದ್ದೀರಿ. ಕುಡುಕ ಬೊಂಬೆ ಹೆಂಡತಿಯನ್ನು ಕಂಡು ಬೆಪ್ಪಾಗಿ ನಿಲ್ಲುವ ಆ ಎರಡು ಸೆಕೆಂಡು ಮಿನುಗುವುದಕ್ಕೆ ಬಹುಶಃ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿ, ಕಾರಣ. ಕ್ಯಾಮೆರಾ ಮ್ಯಾನುಯಲ್‌ನಲ್ಲಿದೆ, ಬೆಳಕಿನ ಅಳತೆ ನೀವೇ ಹೊಂದಿಸಿದ್ದು ಎಂದಿದ್ದೀರಿ. ಆದರೂ ಡಿಎಸ್‌ಎಲ್‌ಆರ್‌ನ ಆಟೋ ಲೆನ್ಸ್ ಪ್ರತಿ ಚಿತ್ರಕ್ಕೂ ಅಪರ್ಚರನ್ನು ಹೊಸದಾಗಿ ಕಿರಿದಾಗಿಸುತ್ತದೆ, ಪ್ರತಿ ಸಲವೂ ಕೂದಲೆಳೆಯಷ್ಟು ಆಚೀಚೆ ನಿಲ್ಲುತ್ತದೆ. ಒಂದು ಫೋಟೋದಲ್ಲಿ ಕಾಣದ ಈ ವ್ಯತ್ಯಾಸ ಸೆಕೆಂಡಿಗೆ 12 ಚಿತ್ರ ಓಡುವಾಗ ಕಣ್ಣಿಗೆ ಚುಚ್ಚುತ್ತದೆ. ಲೆನ್ಸ್ ಯಾವುದೆಂದು ನೀವು ಬರೆದಿಲ್ಲ, ಹಾಗಾಗಿ ಇದು ಊಹೆಯೇ.

ಬೊಂಬೆಯನ್ನು ಮುಟ್ಟದೆ 24 ಚಿತ್ರ ತೆಗೆದು ಓಡಿಸಿ ನೋಡಿ. ಮಿನುಗಿದರೆ ಅಪರ್ಚರನ್ನು ಪೂರ್ತಿ ತೆರೆದಿಟ್ಟು, ಬೆಳಕು ಹೆಚ್ಚಾಗದಂತೆ ಶಟರ್ ವೇಗ ಸರಿಹೊಂದಿಸಿ, ಇನ್ನೊಮ್ಮೆ 24. ಈಗ ಮಿನುಗು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಆಗ ಕೈಯಿಂದ ಅಪರ್ಚರ್ ಉಂಗುರ ತಿರುಗಿಸುವ ಹಳೆಯ ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸಿ.

ನಿಲ್ಲದಿದ್ದರೆ ಬೆಳಕನ್ನು ಅನುಮಾನಿಸಿ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಅದನ್ನು ಆಟೋದಿಂದ ತೆಗೆಯಿರಿ. ಶಟರ್ ಅರ್ಧ ಸೆಕೆಂಡು ತೆರೆದಿಟ್ಟರೆ 50 ಹರ್ಟ್ಸ್ ವಿದ್ಯುತ್ತಿನ ದೀಪದ ಮಿಣಮಿಣ ಸರಾಸರಿಯಲ್ಲಿ ಕರಗಿಹೋಗುತ್ತದೆ. ನಿಮ್ಮ ಬಟ್ಟೆಯಿಂದ ಬೆಳಕು ಬೊಂಬೆಯ ಮೇಲೆ ಬೀಳದಂತೆ ಗಾಢ ಬಣ್ಣದ ಅಂಗಿ ತೊಟ್ಟು, ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಕ್ಲಿಕ್ ಮಾಡಿ. ನನ್ನ ಒಂದಿಡೀ ರಾತ್ರಿಯ ಕೆಲಸವನ್ನು ಹಾಳುಮಾಡಿದ್ದು ನನ್ನದೇ ಬಿಳಿ ಬನಿಯನ್.

ಈಗಾಗಲೇ ತೆಗೆದ ದೃಶ್ಯಕ್ಕೆ ಎಡಿಟಿಂಗ್‌ನಲ್ಲಿ ಮಿನುಗು ತೆಗೆಯುವ ಡಿಫ್ಲಿಕರ್ ಹಾಕಿ ನೋಡಿ, ಸಣ್ಣ ಮಿನುಗಾದರೆ ಹೋದೀತು. ಒಂದೇ ಚಿತ್ರವನ್ನು 24 ಸಲ ಅಂಟಿಸುವ ಆಸೆ ಮಾತ್ರ ಬೇಡ. ಬೊಂಬೆ ಬೆಪ್ಪಾಗುವ ಬದಲು ಸತ್ತಂತೆ ಕಾಣುತ್ತದೆ, ನಗು ಅಲ್ಲೇ ಸಾಯುತ್ತದೆ. ನಡುವೆ ಒಮ್ಮೆಯಾದರೂ ರೆಪ್ಪೆ ಬಡಿಸಿ.